ಯುದ್ಧ ಮಾಡದ ದೇಶಕ್ಕೆ ನೌಕಾನೆಲೆ ಏಕೆ? ಐರ್ಲೆಂಡಿನ ಹೌಲ್‌ಬೋಲೈನ್ ದ್ವೀಪದ ಕಥೆ

ಪ್ರಶ್ನೆ: ನಾನು ಅಂಕೋಲಾದವನು. ಎರಡು ವರ್ಷದಿಂದ ಐರ್ಲೆಂಡಿನ ಕಾರ್ಕ್ ನಗರದ ಹತ್ತಿರ, ರಿಂಗಸ್ಕಿಡ್ಡಿಯ ಔಷಧ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ಊಟದ ಬಿಡುವಿನಲ್ಲಿ ಹೊರಗೆ ಬಂದರೆ ಎದುರಿಗೇ ಹೌಲ್‌ಬೋಲೈನ್ ದ್ವೀಪ, ಅಲ್ಲಿನ ಧಕ್ಕೆಗೆ ಕಟ್ಟಿದ ಬೂದು ಬಣ್ಣದ ಹಡಗುಗಳು. ಕೆಲವು ತಿಂಗಳುಗಟ್ಟಲೆ ಕದಲುವುದೇ ಇಲ್ಲ. ನಮ್ಮೂರ ಪಕ್ಕದಲ್ಲಿ ಸೀಬರ್ಡ್ ನೌಕಾನೆಲೆ ಎದ್ದದ್ದನ್ನೂ ಅದಕ್ಕಾಗಿ ಜನ ಮನೆ ಬಿಟ್ಟದ್ದನ್ನೂ ಕೇಳುತ್ತಾ ಬೆಳೆದ ನನಗೆ ಇದು ಅರ್ಥವಾಗುತ್ತಿಲ್ಲ. ಯಾರ ಮೇಲೂ ಯುದ್ಧಕ್ಕೆ ಹೋಗದ, ನ್ಯಾಟೋ ಕೂಟಕ್ಕೂ ಸೇರದ ಇಷ್ಟು ಚಿಕ್ಕ ದೇಶಕ್ಕೆ ನೌಕಾನೆಲೆ ಏಕೆ ಬೇಕು? ಅಷ್ಟು ದೊಡ್ಡ ಕಲ್ಲಿನ ಕಟ್ಟಡಗಳನ್ನು ಕಟ್ಟಿದವರು ಯಾರು? ಏರ್ ಇಂಡಿಯಾದ ಕನಿಷ್ಕ ವಿಮಾನ ಬಿದ್ದಾಗ ಶವಗಳನ್ನು ಎತ್ತಿದ್ದು ಇಲ್ಲಿನ ಹಡಗು ಎಂದು ಜತೆಗೆ ಕೆಲಸ ಮಾಡುವವರೊಬ್ಬರು ಹೇಳಿದರು. ಅದು ನಿಜವೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಹೌದು, ನಿಜ. ಆ ಹಡಗಿನ ಹೆಸರು ಆಶ್ಲಿಂಗ್. ನೀವು ದಿನವೂ ನೋಡುವ ಧಕ್ಕೆಯೇ ಅದರ ಮನೆಯಾಗಿತ್ತು. ಅದರ ಬಗ್ಗೆ ಮುಂದೆ ವಿವರವಾಗಿ ಬರೆಯುತ್ತೇನೆ. ಚಿಕ್ಕ ದೇಶಕ್ಕೆ ನೌಕಾನೆಲೆ ಏಕೆ ಎಂಬ ನಿಮ್ಮ ದೊಡ್ಡ ಪ್ರಶ್ನೆಗೆ ನನಗೆ ತಿಳಿದ ಅತ್ಯುತ್ತಮ ಉತ್ತರ ವಿಮಾನ ಬಿದ್ದ ಆ ಒಂದು ಭಾನುವಾರದಲ್ಲೇ ಇದೆ. ಆದರೆ ಅಲ್ಲಿಗೆ ಹೋಗುವ ಮೊದಲು ಕಟ್ಟಡಗಳ ಕಥೆ ಹೇಳಬೇಕು.

ಕಾರ್ಕ್ ಬಂದರನ್ನು ನಕ್ಷೆಯಲ್ಲಿ ಒಮ್ಮೆ ನೋಡಿ. ಕಾರವಾರದಲ್ಲಿ ಅಂಜದೀವದಂಥ ದ್ವೀಪಗಳು ಎದುರು ನಿಂತು ಅಲೆಯ ಹೊಡೆತ ತಡೆಯುತ್ತವೆ. ಇಲ್ಲಿ ಹಾಗಲ್ಲ, ನೆಲವೇ ಎರಡು ಕೈ ಚಾಚಿ ಕಡಲನ್ನು ಒಳಗೆ ಕರೆದುಕೊಂಡಿದೆ. ಬಾಯಿ ಇಕ್ಕಟ್ಟು, ಒಳಗೆ ಹೋದರೆ ವಿಶಾಲವಾದ ಆಳ ನೀರು. ಆ ನೀರಿನ ನಡುವೆ ಮೂರು ಮುಖ್ಯ ದ್ವೀಪಗಳು. ದೊಡ್ಡದರ ಮೇಲೆ ಕೋವ್ ಪಟ್ಟಣ, ಇನ್ನೊಂದು ಸ್ಪೈಕ್, ಮತ್ತೊಂದು ಹೌಲ್‌ಬೋಲೈನ್. ಐರಿಷ್ ಭಾಷೆಯಲ್ಲಿ ಈ ಮೂರನೆಯದಕ್ಕೆ ‘ನರಿಯ ದ್ವೀಪ’ ಎಂಬ ಅರ್ಥದ ಹೆಸರಿದೆ. ಪಶ್ಚಿಮದ ಗಾಳಿಗೆ ಮೈಯೊಡ್ಡಿ ಅಟ್ಲಾಂಟಿಕ್ ದಾಟಬೇಕಿದ್ದ ಹಾಯಿಹಡಗುಗಳಿಗೆ ಯುರೋಪಿನ ಅಂಚಿನಲ್ಲಿ ಇದಕ್ಕಿಂತ ಒಳ್ಳೆಯ ತಂಗುದಾಣ ಸಿಗುವುದು ಕಷ್ಟವಿತ್ತು.

ಇಲ್ಲಿ ಮೊದಲು ಕೋಟೆ ಕಟ್ಟಿದವರು ಇಂಗ್ಲಿಷರು, 1602ರಲ್ಲಿ. ಹಿಂದಿನ ವರ್ಷವಷ್ಟೇ ಸ್ಪೇನಿನ ಸೈನ್ಯ ಹತ್ತಿರದ ಕಿನ್‌ಸೇಲ್‌ನಲ್ಲಿ ಇಳಿದು ಐರಿಷ್ ಪಾಳೆಯಗಾರರ ಜತೆ ಸೇರಿ ಹೋರಾಡಿ ಸೋತಿತ್ತು. ಮತ್ತೊಮ್ಮೆ ಹಾಗಾಗಬಾರದು ಎಂಬ ಭಯವೇ ಆ ಕೋಟೆಯ ಅಡಿಪಾಯ. ಭಯ ಇಳಿದ ಮೇಲೆ ದ್ವೀಪ ಸುಮ್ಮನಾಯಿತು. 1720ರಲ್ಲಿ ಸ್ಥಳೀಯ ಶ್ರೀಮಂತರು ಇಲ್ಲಿ ಹಾಯಿದೋಣಿ ನಡೆಸುವ ಕೂಟವೊಂದನ್ನು ಕಟ್ಟಿಕೊಂಡರು. ಜಗತ್ತಿನ ಅತಿ ಹಳೆಯ ಯಾಟ್ ಕ್ಲಬ್ ಎನಿಸಿಕೊಂಡಿರುವ ರಾಯಲ್ ಕಾರ್ಕ್ ಕ್ಲಬ್ಬಿನ ಮೂಲ ಇದೇ.

ನೀವು ಕೇಳಿದ ಕಲ್ಲಿನ ಉಗ್ರಾಣಗಳು ನೆಪೋಲಿಯನ್ ಕಾಲದ ಫಲ. ಅಲ್ಲಿಯವರೆಗೆ ಬ್ರಿಟಿಷ್ ನೌಕಾಪಡೆಯ ಠಿಕಾಣಿ ಕಿನ್‌ಸೇಲ್‌ನಲ್ಲಿತ್ತು. ಹಡಗುಗಳು ದೊಡ್ಡವಾದಂತೆ ಅಲ್ಲಿನ ನೀರು ಸಾಲದಾಯಿತು. 19ನೇ ಶತಮಾನದ ಆರಂಭದಲ್ಲಿ ನೌಕಾಪಡೆ ಹೌಲ್‌ಬೋಲೈನ್‌ಗೆ ಬಂತು. ಗಮನಿಸಬೇಕಾದದ್ದು ಒಂದಿದೆ. ಅದು ಆರಂಭದಲ್ಲಿ ಹಡಗು ಕಟ್ಟುವ ಜಾಗವಾಗಿರಲಿಲ್ಲ, ಹಡಗುಗಳಿಗೆ ಪಡಿತರ ತುಂಬುವ ಜಾಗವಾಗಿತ್ತು. ಕಾರ್ಕ್ ಸುತ್ತಲಿನ ಹಳ್ಳಿಗಳ ಬೆಣ್ಣೆ, ಉಪ್ಪು ಹಾಕಿದ ದನದ ಮಾಂಸ, ಹಂದಿಮಾಂಸ ಪೀಪಾಯಿಗಳಲ್ಲಿ ತುಂಬಿ ಇಲ್ಲಿಂದ ವೆಸ್ಟ್ ಇಂಡೀಸ್‌ವರೆಗೂ ಹೋಗುತ್ತಿದ್ದವು. ಆ ಮಾಂಸ, ಬೆಣ್ಣೆ, ಸಾಮಾನುಗಳನ್ನು ಇಡಲೆಂದೇ ಆ ಸಾಲು ಉಗ್ರಾಣಗಳು ಎದ್ದವು. ದ್ವೀಪದ ನೆತ್ತಿಯಲ್ಲಿ ಕಾಣುವ ಗುಂಡಗಿನ ಮಾರ್ಟೆಲ್ಲೊ ಬುರುಜೂ ಅದೇ ಕಾಲದ್ದು.

ಡಾಕ್‌ಯಾರ್ಡ್ ಬಂದದ್ದು ಆಮೇಲೆ. 1865ರಲ್ಲಿ ಕೆಲಸ ಶುರುವಾಗಿ ಇಪ್ಪತ್ತು ವರ್ಷಕ್ಕೂ ಮೇಲೆ ನಡೆಯಿತು. ಕಡಲಿಗೆ ಮಣ್ಣು ಕಲ್ಲು ತುಂಬಿ ನೆಲ ಬೆಳೆಸಿದರು, ಹಡಗುಗಳು ಒಳಗೆ ಬಂದು ನಿಲ್ಲಲು ದೊಡ್ಡ ಕೊಳದಂಥ ಬೇಸಿನ್ ಕಟ್ಟಿದರು. ಆ ಕಲ್ಲು ಹೊತ್ತವರಲ್ಲಿ ಬಹಳಷ್ಟು ಮಂದಿ ಕೈದಿಗಳು. ಎದುರಿನ ಸ್ಪೈಕ್ ದ್ವೀಪದ ಕೋಟೆಯನ್ನು 1847ರಲ್ಲಿ, ಆಲೂಗಡ್ಡೆ ಬೆಳೆ ಕೊಳೆತು ಐರ್ಲೆಂಡಿನಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತ ಕಾಲದಲ್ಲಿ, ಸೆರೆಮನೆಯಾಗಿ ಮಾಡಿದ್ದರು. ಹೊಟ್ಟೆಗಿಲ್ಲದೆ ಕದ್ದವರೂ ಅಲ್ಲಿ ತುಂಬಿದ್ದರು. ಸೀಬರ್ಡ್‌ಗಾಗಿ ಮನೆ ಬಿಟ್ಟವರನ್ನು ನೀವು ನೆನೆದಿರಿ. ಹೌಲ್‌ಬೋಲೈನ್‌ನ ಗೋಡೆ ನೋಡುವಾಗ ಈ ಕೈದಿಗಳನ್ನೂ ನೆನೆಯಬೇಕು ಎಂದು ನನಗನ್ನಿಸುತ್ತದೆ. ನೌಕಾನೆಲೆಗಳ ಇತಿಹಾಸದಲ್ಲಿ ಸೇನಾಧಿಪತಿಗಳ ಹೆಸರು ಉಳಿಯುತ್ತದೆ, ಕಲ್ಲು ಹೊತ್ತವರ ಹೆಸರು ಉಳಿಯುವುದಿಲ್ಲ.

ಈ ನೆಲೆಯ ಉಚ್ಛ್ರಾಯ ಕಾಲ ಮೊದಲ ಮಹಾಯುದ್ಧ. ಜರ್ಮನ್ ಜಲಾಂತರ್ಗಾಮಿಗಳು ಬ್ರಿಟನ್ನಿಗೆ ಹೋಗುವ ಹಡಗುಗಳನ್ನು ಮುಳುಗಿಸುತ್ತಿದ್ದದ್ದು ಹೆಚ್ಚಾಗಿ ಈ ಕಡಲಿನಲ್ಲೇ. 1915ರ ಮೇ 7ರಂದು ಲುಸಿಟಾನಿಯಾ ಎಂಬ ಪ್ರಯಾಣಿಕರ ಹಡಗು ಮುಳುಗಿ ಸುಮಾರು 1,200 ಜನ ಸತ್ತಾಗ, ಬದುಕಿದವರನ್ನೂ ಶವಗಳನ್ನೂ ತಂದು ಇಳಿಸಿದ್ದು ಕೋವ್ ಪಟ್ಟಣದಲ್ಲಿ. ಆಗ ಅದಕ್ಕೆ ಕ್ವೀನ್ಸ್‌ಟೌನ್ ಎಂಬ ಹೆಸರಿತ್ತು. 1917ರ ಮೇ 4ರಂದು ಅಮೆರಿಕದ ಮೊದಲ ಆರು ಡಿಸ್ಟ್ರಾಯರ್ ಹಡಗುಗಳು ಬಂದದ್ದೂ ಇಲ್ಲಿಗೇ. ಅಮೆರಿಕ ಯುದ್ಧ ಘೋಷಿಸಿ ಆಗಿನ್ನೂ ಒಂದು ತಿಂಗಳು. ಅವು ಬ್ರಿಟಿಷ್ ಅಡ್ಮಿರಲ್ ಲೂಯಿಸ್ ಬೇಲಿ ಅವರ ಕೈಕೆಳಗೆ ಸೇರಿ, ಸರಕು ಹಡಗುಗಳಿಗೆ ಕಾವಲು ಹೋದವು.

ಹೀಗೆ ಒಂದು ಸಾಮ್ರಾಜ್ಯ ತನ್ನ ಅಳತೆಗೆ ಹೊಲಿಸಿಕೊಂಡ ಅಂಗಿ ಹೌಲ್‌ಬೋಲೈನ್. ಅದನ್ನು ತೊಡಬೇಕಾಗಿ ಬಂದದ್ದು ಆಗತಾನೇ ಹುಟ್ಟಿದ, ಬಡವಾದ, ಅಂತರ್ಯುದ್ಧದಲ್ಲಿ ನರಳುತ್ತಿದ್ದ ದೇಶ. ಐರ್ಲೆಂಡಿನ ನೌಕಾನೆಲೆಯ ಕಥೆಯೆಲ್ಲ ಇರುವುದು ಈ ಅಂಗಿಗೂ ಮೈಗೂ ಹೊಂದಿಕೆಯಾಗದ ಕಷ್ಟದಲ್ಲಿ.

1921ರ ಡಿಸೆಂಬರ್ ಒಪ್ಪಂದದಲ್ಲಿ ಐರ್ಲೆಂಡ್ ಸ್ವತಂತ್ರ ರಾಜ್ಯವಾಯಿತೇನೋ ಹೌದು. ಆದರೆ ಅದರ ಕರಾವಳಿಯ ರಕ್ಷಣೆ ಬ್ರಿಟಿಷರದ್ದೇ ಎಂದು ಅದೇ ಒಪ್ಪಂದ ಹೇಳಿತು. ಕೋವ್, ಬೇರ್‌ಹೇವನ್, ಲಾಖ್ ಸ್ವಿಲಿ ಬಂದರುಗಳ ಕೋಟೆಗಳು ಬ್ರಿಟಿಷರ ಕೈಯಲ್ಲೇ ಉಳಿದವು. ಹೌಲ್‌ಬೋಲೈನ್ ಡಾಕ್‌ಯಾರ್ಡನ್ನು ಮಾತ್ರ 1923ರಲ್ಲಿ ಬಿಟ್ಟುಕೊಟ್ಟರು. ಪರಿಸ್ಥಿತಿ ಎಷ್ಟು ವಿಚಿತ್ರವಾಗಿತ್ತು ಊಹಿಸಿ. ಹೌಲ್‌ಬೋಲೈನ್‌ನಲ್ಲಿ ಐರಿಷ್ ಬಾವುಟ, ಕೂಗಿದರೆ ಕೇಳುವಷ್ಟು ಹತ್ತಿರದ ಸ್ಪೈಕ್‌ನಲ್ಲಿ ಬ್ರಿಟಿಷ್ ತೋಪುಗಳು. ಹದಿನೈದು ವರ್ಷ ಹೀಗೆ ನಡೆಯಿತು. 1923ರಲ್ಲಿ ಹೊಸ ಸರ್ಕಾರ ಕರಾವಳಿ ಪಡೆಯೊಂದನ್ನು ಕಟ್ಟಿತು. ಮರುವರ್ಷವೇ ಖರ್ಚು ತಾಳದೆ ಮುಚ್ಚಿತು.

ಉಳಿದದ್ದು ಒಂದು ಹಡಗು, ಮುಯಿರ್‌ಹೂ. ‘ಕಡಲ ಬೇಟೆನಾಯಿ’ ಎಂದು ಅರ್ಥ. ಇದರ ಪೂರ್ವಾಶ್ರಮದ ಹೆಸರು ಹೆಲ್ಗಾ. ಬ್ರಿಟಿಷ್ ಆಳ್ವಿಕೆಯ ವಿರುದ್ಧ ನಡೆದ 1916ರ ಈಸ್ಟರ್ ದಂಗೆಯಲ್ಲಿ ಲಿಫಿ ನದಿಯೊಳಗೆ ಬಂದು ಡಬ್ಲಿನ್ನಿನ ದಂಗೆಕೋರರ ಮೇಲೆ ಗುಂಡು ಹಾರಿಸಿದ ಬ್ರಿಟಿಷ್ ಹಡಗು ಇದೇ. ಆ ದಂಗೆಯಿಂದ ಹುಟ್ಟಿದ ದೇಶ ಅದನ್ನೇ ಕೊಂಡು, ಹೆಸರು ಬದಲಿಸಿ, ಮೀನುಗಾರಿಕೆಯ ಕಾವಲಿಗೆ ಕಳಿಸಿತು. ಬಡತನದಲ್ಲಿ ಸಿಕ್ಕಿದ್ದನ್ನು ತನ್ನದಾಗಿಸಿಕೊಳ್ಳುವ ಈ ಗಟ್ಟಿತನ ನನಗೆ ತುಂಬ ಮೆಚ್ಚುಗೆ. ಆದರೆ ಸಾವಿರಾರು ಕಿಲೋಮೀಟರ್ ಅಂಚುಳ್ಳ ದ್ವೀಪದೇಶಕ್ಕೆ ಒಂದೇ ಒಂದು ಹಳೆಯ ಹಡಗು ಎಂಬುದನ್ನು ಮೆಚ್ಚಲಾಗದು.

1938ರಲ್ಲಿ ಐರ್ಲೆಂಡಿನ ಪ್ರಧಾನಿ ಡಿ ವಲೆರಾ ಅವರು ಬ್ರಿಟಿಷ್ ಪ್ರಧಾನಿ ಚೇಂಬರ್ಲಿನ್ ಜತೆ ಮಾತಾಡಿ ಆ ಮೂರು ಬಂದರುಗಳನ್ನು ವಾಪಸ್ ಪಡೆದರು. ಜುಲೈ 11ರಂದು ಸ್ಪೈಕ್ ದ್ವೀಪದಲ್ಲಿ ಬಾವುಟ ಬದಲಾಯಿತು. ಚರ್ಚಿಲ್ ಇದನ್ನು ಕಟುವಾಗಿ ವಿರೋಧಿಸಿದ್ದರು. ಐರ್ಲೆಂಡಿನ ಮಟ್ಟಿಗೆ ಮಾತ್ರ ಈ ದಿನಕ್ಕೆ ಎಲ್ಲಕ್ಕಿಂತ ಹೆಚ್ಚಿನ ಬೆಲೆಯಿದೆ. ಬೇರೆಯವರ ಯುದ್ಧಹಡಗು ನಿಲ್ಲುವ ಬಂದರನ್ನು ಇಟ್ಟುಕೊಂಡು ‘ನಾವು ತಟಸ್ಥರು’ ಎಂದರೆ ಯಾರೂ ನಂಬರು. ಮರುವರ್ಷ ಎರಡನೇ ಮಹಾಯುದ್ಧ ಶುರುವಾದಾಗ ಐರ್ಲೆಂಡ್ ತಟಸ್ಥವಾಗಿ ಉಳಿಯಲು ಸಾಧ್ಯವಾದದ್ದು ಈ ಬಂದರುಗಳು ಅದರ ಕೈಗೆ ಬಂದಿದ್ದರಿಂದ.

ಆದರೆ ಬಂದರು ಬಂತು, ಹಡಗು ಎಲ್ಲಿದೆ? ‘ಯುದ್ಧಕಾಲೇ ಶಸ್ತ್ರಾಭ್ಯಾಸ’ ಎನ್ನುತ್ತೇವಲ್ಲ, ಅಕ್ಷರಶಃ ಅದೇ ಆಯಿತು. 1939ರಲ್ಲಿ ಗಡಿಬಿಡಿಯಲ್ಲಿ ಕಡಲ ಕಾವಲು ಪಡೆ ರಚಿಸಿ, ಮುಯಿರ್‌ಹೂವಿಗೆ ಇನ್ನೊಂದು ಹಳೆಯ ಹಡಗನ್ನು ಜೋಡಿಸಿ, ಆರು ಟಾರ್ಪಿಡೊ ದೋಣಿಗಳನ್ನು ಬ್ರಿಟನ್ನಿನಿಂದ ಕೊಂಡರು. ಕರಾವಳಿಯುದ್ದಕ್ಕೂ ಗುಡಿಸಲಿನಂಥ ಕಾವಲುಮನೆಗಳಲ್ಲಿ ಜನ ಹಗಲು ರಾತ್ರಿ ಕಡಲನ್ನು ನೋಡುತ್ತ ಕೂತರು. ಯುದ್ಧ ಮುಗಿದ ಮೇಲೆ ಸರ್ಕಾರಕ್ಕೆ ಒಂದಿಷ್ಟು ಬುದ್ಧಿ ಬಂತು. 1946ರ ಸೆಪ್ಟೆಂಬರ್ 1ರಂದು ಶಾಶ್ವತವಾದ ಐರಿಷ್ ನೌಕಾ ಸೇವೆ ಸ್ಥಾಪನೆಯಾಯಿತು. ಹೌಲ್‌ಬೋಲೈನ್ ಅದರ ಮನೆಯಾಯಿತು. ಮುದಿ ಮುಯಿರ್‌ಹೂ 1947ರಲ್ಲಿ ಗುಜರಿಗೆ ಹೋಗುವ ದಾರಿಯಲ್ಲೇ ಮುಳುಗಿತು.

ಹೊಸ ಪಡೆಗೆ ಬ್ರಿಟನ್ನಿನಿಂದ ಕಾರ್ವೆಟ್ ಎಂಬ ಬಗೆಯ ಮೂರು ಚಿಕ್ಕ ಯುದ್ಧಹಡಗುಗಳು ಬಂದವು: ಮಾಖಾ, ಮೇವ್, ಕ್ಲೀನಾ. ಮೂರೂ ಐರಿಷ್ ಪುರಾಣದ ಹೆಣ್ಣುಗಳ ಹೆಸರು. ಆಗಿನಿಂದ ಬಹುಕಾಲ ಹಡಗುಗಳಿಗೆ ಇಂಥ ಹೆಸರನ್ನೇ ಇಡುತ್ತಿದ್ದರು. ಹೆಸರಿಗಿಂತ ಮೊದಲು ಕಾಣುವ ‘ಎಲ್.ಇ.’ ಎಂಬುದು ‘ಐರ್ಲೆಂಡಿನ ಹಡಗು’ ಎಂಬ ಐರಿಷ್ ಮಾತಿನ ಮೊದಲಕ್ಷರಗಳು. ಮಾಖಾ ಮಾಡಿದ ಕೆಲಸಗಳಲ್ಲಿ ಜನ ಇಂದಿಗೂ ನೆನೆಯುವುದು 1948ರದ್ದು. ಫ್ರಾನ್ಸಿನಲ್ಲಿ ತೀರಿಕೊಂಡಿದ್ದ ಕವಿ ಯೇಟ್ಸ್ ಅವರ ಅವಶೇಷಗಳನ್ನು ಅದು ನೀಸ್‌ನಿಂದ ಗಾಲ್ವೇಗೆ ತಂದಿತು.

ಇಷ್ಟಾದ ಮೇಲೆ ಮತ್ತೆ ಮರೆವು. ಇಪ್ಪತ್ತು ವರ್ಷ ಹೊಸ ಹಡಗು ಬರಲಿಲ್ಲ. 1970ರ ಹೊತ್ತಿಗೆ ಕಾರ್ವೆಟ್‌ಗಳು ಗುಜರಿ ಸೇರತೊಡಗಿದ್ದವು. ಅವಸರದಲ್ಲಿ 1971ರಲ್ಲಿ ಬ್ರಿಟನ್ನಿನ ಹಳೆಯ ಮೈನ್‌ಸ್ವೀಪರ್‌ಗಳನ್ನು (ಕಡಲಲ್ಲಿ ಹುದುಗಿಸಿಟ್ಟ ಸಿಡಿಗುಂಡು ತೆಗೆಯುವ ಹಡಗುಗಳನ್ನು) ಕೊಳ್ಳಬೇಕಾಯಿತು. ನಂತರ ಬಂದ ಬದಲಾವಣೆಗೆ ಕಾರಣ ಸೈನ್ಯವಲ್ಲ, ಮೀನು. ನೀವು ಅಂಕೋಲಾದವರು, ಇದು ನಿಮಗೆ ಬೇಗ ಅರ್ಥವಾಗುತ್ತದೆ. 1973ರಲ್ಲಿ ಐರ್ಲೆಂಡ್ ಯುರೋಪಿಯನ್ ಆರ್ಥಿಕ ಸಮುದಾಯ ಸೇರಿತು. 1977ರಲ್ಲಿ ಮೀನುಗಾರಿಕೆಯ ಗಡಿ 200 ನಾಟಿಕಲ್ ಮೈಲಿಗೆ ಹಿಗ್ಗಿತು. ಒಮ್ಮೆಲೇ ನಾಲ್ಕು ಲಕ್ಷ ಚದರ ಕಿಲೋಮೀಟರಿಗೂ ಹೆಚ್ಚಿನ ಕಡಲು ಇವರ ಹೊಣೆಗೆ ಬಂತು. ಐರ್ಲೆಂಡಿನ ನೆಲ ಸುಮಾರು 70,000 ಚದರ ಕಿಲೋಮೀಟರ್, ಅಂದರೆ ನಮ್ಮ ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು. ಅದರ ಕಡಲೋ ಎರಡು ಕರ್ನಾಟಕಕ್ಕಿಂತ ದೊಡ್ಡದು. ನಕ್ಷೆಯಲ್ಲಿ ಚಿಕ್ಕ ದೇಶವಾಗಿ ಕಾಣುವುದು ನಾವು ನೆಲವನ್ನಷ್ಟೇ ಲೆಕ್ಕ ಹಾಕುವುದರಿಂದ.

ಆ ಕಡಲಿಗೆ ಸ್ಪೇನ್, ಫ್ರಾನ್ಸ್, ಬ್ರಿಟನ್ ಎಲ್ಲರ ಟ್ರಾಲರ್‌ಗಳೂ ಬರುತ್ತವೆ. ಕಾವಲಿಗೆ ಹಡಗು ಬೇಕು ಎಂದು ಯುರೋಪಿಯನ್ ಸಮುದಾಯವೇ ಹಣದ ಪಾಲು ಹಾಕಿತು. ಹೌಲ್‌ಬೋಲೈನ್‌ನಿಂದ ಕಾಣುವಷ್ಟು ಹತ್ತಿರದ ರಶ್‌ಬ್ರೂಕ್ ಹಡಗುಕಟ್ಟೆಯಲ್ಲಿ ಗಸ್ತು ಹಡಗುಗಳು ಒಂದಾದ ಮೇಲೊಂದು ತಯಾರಾದವು. ಮೊದಲನೆಯದಾದ ಡೀರ್ಡ್ರಾ 1972ರಲ್ಲೇ ಬಂದಿತ್ತು, ಆಮೇಲೆ ಈಮರ್, ಈಫಾ, 1980ರಲ್ಲಿ ಆಶ್ಲಿಂಗ್, 1984ರಲ್ಲಿ ಹೆಲಿಕಾಪ್ಟರ್ ಇಳಿಯುವ ಎಥ್ನಾ. ಎಥ್ನಾ ಮುಗಿದ ವರ್ಷವೇ ಆ ಕಟ್ಟೆ ಬಾಗಿಲು ಹಾಕಿತು. ಮತ್ತೆ ಐರ್ಲೆಂಡಿನಲ್ಲಿ ನೌಕಾ ಹಡಗು ಕಟ್ಟಲಿಲ್ಲ. ನನಗೆ ಇದು ದೊಡ್ಡ ನಷ್ಟವಾಗಿ ಕಾಣುತ್ತದೆ. ಹಡಗು ಕಟ್ಟಲು ಬಲ್ಲ ಕೈಗಳು ಪಕ್ಕದಲ್ಲಿದ್ದರೆ ನೆಲೆಯ ದುರಸ್ತಿ ಕೆಲಸಕ್ಕೂ ಅದೇ ಬೆನ್ನೆಲುಬು.

ಗಸ್ತು ಎಂದರೆ ಏನು ಮಾಡುತ್ತಾರೆ? ಹೌಲ್‌ಬೋಲೈನ್‌ನಲ್ಲಿ ಮೀನುಗಾರಿಕೆ ನಿಗಾ ಕೇಂದ್ರವಿದೆ. ಪ್ರತಿ ದೊಡ್ಡ ಟ್ರಾಲರಿನ ಯಂತ್ರ ಉಪಗ್ರಹದ ಮೂಲಕ ‘ನಾನು ಇಲ್ಲಿದ್ದೇನೆ’ ಎಂದು ಆ ಕೇಂದ್ರಕ್ಕೆ ಹೇಳುತ್ತಿರುತ್ತದೆ. ಅದರ ನಡೆ ಅನುಮಾನ ತಂದರೆ, ಕಡಲಲ್ಲಿರುವ ಗಸ್ತು ಹಡಗಿಗೆ ಸುದ್ದಿ ಹೋಗುತ್ತದೆ. ಹಡಗಿನಿಂದ ರಬ್ಬರ್ ದೋಣಿ ಇಳಿಸಿ, ನಾಲ್ಕಾರು ಮಂದಿ ಆ ಅಲೆಯಲ್ಲೇ ಟ್ರಾಲರಿನ ಪಕ್ಕಕ್ಕೆ ಹೋಗಿ ಹಗ್ಗದ ಏಣಿ ಹಿಡಿದು ಹತ್ತುತ್ತಾರೆ. ಬಲೆಯ ಕಣ್ಣಿನ ಅಳತೆ ನೋಡುತ್ತಾರೆ, ದಾಖಲೆ ಪುಸ್ತಕದಲ್ಲಿ ಬರೆದ ಮೀನಿಗೂ ಒಳಗಿನ ಮೀನಿಗೂ ತಾಳೆಯಿದೆಯೇ ಎಂದು ಐಸು ಸರಿಸಿ ಎಣಿಸುತ್ತಾರೆ. ತಪ್ಪಿದ್ದರೆ ಟ್ರಾಲರನ್ನು ಹತ್ತಿರದ ಬಂದರಿಗೆ ಕರೆತರುತ್ತಾರೆ. ಅಟ್ಲಾಂಟಿಕ್‌ನ ಚಳಿಗಾಲದಲ್ಲಿ ಈ ಕೆಲಸ ಮಾಡುವುದಕ್ಕೆ ಎಂಥ ಎದೆಗಾರಿಕೆ ಬೇಕು ಎಂಬುದು ಮಳೆಗಾಲದ ಅಳಿವೆಯಲ್ಲಿ ದೋಣಿ ದಾಟಿಸಿದವರಿಗೆ ಗೊತ್ತು. ಕೆಲವೊಮ್ಮೆ ಟ್ರಾಲರಿನವರು ನಿಲ್ಲುವುದೇ ಇಲ್ಲ. 1984ರಲ್ಲಿ ಸೋನಿಯಾ ಎಂಬ ಸ್ಪೇನಿನ ಟ್ರಾಲರನ್ನು ಆಶ್ಲಿಂಗ್ ಗಂಟೆಗಟ್ಟಲೆ ಬೆನ್ನಟ್ಟಿ ಎಚ್ಚರಿಕೆಯ ಗುಂಡು ಹಾರಿಸಬೇಕಾಯಿತು. ಆ ಟ್ರಾಲರ್ ಕೊನೆಗೆ ಮುಳುಗಿತು.

ಇದೇ ಗಸ್ತು ಹಡಗುಗಳು 1973ರಲ್ಲಿ ಲಿಬಿಯಾದಿಂದ ಬರುತ್ತಿದ್ದ ಕ್ಲಾಡಿಯಾವನ್ನೂ 1984ರಲ್ಲಿ ಮರೀಟಾ ಆ್ಯನ್ ಎಂಬ ಮೀನುದೋಣಿಯನ್ನೂ ಹಿಡಿದು, ಉತ್ತರ ಐರ್ಲೆಂಡಿನಲ್ಲಿ ಬ್ರಿಟಿಷ್ ಆಳ್ವಿಕೆಯ ವಿರುದ್ಧ ಶಸ್ತ್ರ ಹಿಡಿದಿದ್ದ ಐಆರ್‌ಎ ಸಂಘಟನೆಗೆ ಹೋಗುತ್ತಿದ್ದ ಟನ್ನುಗಟ್ಟಲೆ ಶಸ್ತ್ರಾಸ್ತ್ರ ತಡೆದವು. 1979ರ ಆಗಸ್ಟ್‌ನಲ್ಲಿ ಫಾಸ್ಟ್‌ನೆಟ್ ಹಾಯಿದೋಣಿ ಸ್ಪರ್ಧೆ ಬಿರುಗಾಳಿಗೆ ಸಿಕ್ಕಾಗ ಡೀರ್ಡ್ರಾ ರಕ್ಷಣೆಗೆ ಹೋಗಿತ್ತು.

ಈಗ ಕನಿಷ್ಕದ ವಿಷಯ. 1985ರ ಜೂನ್ 23, ಭಾನುವಾರ. ಏರ್ ಇಂಡಿಯಾದ 182ನೇ ವಿಮಾನ ಕೆನಡಾದಿಂದ ಲಂಡನ್ ಮಾರ್ಗವಾಗಿ ಭಾರತಕ್ಕೆ ಹೊರಟಿತ್ತು. ಬೆಳಗ್ಗೆ ಎಂಟರ ಸುಮಾರಿಗೆ, ಐರ್ಲೆಂಡಿನ ನೈಋತ್ಯ ಕರಾವಳಿಯಿಂದ ಸುಮಾರು 190 ಕಿಲೋಮೀಟರ್ ದೂರದಲ್ಲಿ, 31,000 ಅಡಿ ಎತ್ತರದಲ್ಲಿ, ಲಗೇಜಿನೊಳಗಿದ್ದ ಬಾಂಬ್ ಸಿಡಿಯಿತು. ರಾಡಾರ್ ಪರದೆಯಿಂದ ವಿಮಾನ ಮಾಯವಾಯಿತು. 329 ಜನ, ಹೆಚ್ಚಿನವರು ಭಾರತ ಮೂಲದ ಕೆನಡಿಯನ್ನರು. ರಜೆಗೆಂದು ಊರಿಗೆ ಹೊರಟ ತಾಯಂದಿರು, ಮಕ್ಕಳು. ಒಬ್ಬರೂ ಉಳಿಯಲಿಲ್ಲ.

ಆಶ್ಲಿಂಗ್ ಆಗ ಆ ಕಡಲಿನಲ್ಲಿ ಮೀನುಗಾರಿಕೆಯ ಗಸ್ತಿನಲ್ಲಿತ್ತು. ಸುದ್ದಿ ಬಂದದ್ದೇ ಪೂರ್ತಿ ವೇಗದಲ್ಲಿ ಅತ್ತ ತಿರುಗಿತು. ಹತ್ತಿರದಲ್ಲಿದ್ದ ಲಾರೆಂಷಿಯನ್ ಫಾರೆಸ್ಟ್ ಎಂಬ ಸರಕು ಹಡಗು ಅದಕ್ಕಿಂತ ಮೊದಲು ಅಲ್ಲಿಗೆ ತಲುಪಿತ್ತು. ಬ್ರಿಟಿಷ್ ಹೆಲಿಕಾಪ್ಟರ್‌ಗಳು ಬಂದವು. ಆಶ್ಲಿಂಗ್‌ನ ಹುಡುಗರು ರಬ್ಬರ್ ದೋಣಿ ಇಳಿಸಿದರು. ಟ್ರಾಲರ್ ಹತ್ತುವುದಕ್ಕೆ ಬಳಸುತ್ತಿದ್ದ ಅದೇ ದೋಣಿ, ಅದೇ ಕೈಗಳು. ಇಂಧನ ತೇಲುತ್ತಿದ್ದ ನೀರಿನಿಂದ ಅವರು ಶವಗಳನ್ನು ಒಂದೊಂದಾಗಿ ಎತ್ತಿ ತಂದರು. ಅವುಗಳಲ್ಲಿ ಮಕ್ಕಳೂ ಇದ್ದರು. ಒಟ್ಟು ಸಿಕ್ಕಿದ್ದು 131 ದೇಹಗಳು. ಉಳಿದವರು ಸುಮಾರು ಎರಡು ಕಿಲೋಮೀಟರ್ ಆಳದ ಆ ನೀರಿನಲ್ಲೇ ಇದ್ದಾರೆ. ಹಡಗಿನ ನಾಯಕ ಜೇಮ್ಸ್ ರಾಬಿನ್ಸನ್ ಮತ್ತು ಅವರ ಸಿಬ್ಬಂದಿಯಲ್ಲಿ ಕೆಲವರಿಗೆ ದೇಶ ವಿಶಿಷ್ಟ ಸೇವಾ ಪದಕ ಕೊಟ್ಟಿತು. ದೇಹಗಳನ್ನು ಇರಿಸಿದ್ದು ಕಾರ್ಕ್‌ನ ಆಸ್ಪತ್ರೆಯಲ್ಲಿ. ಭಾರತ, ಕೆನಡಾಗಳಿಂದ ಓಡಿ ಬಂದ ಕುಟುಂಬಗಳನ್ನು ಕಾರ್ಕ್‌ನ ಜನ ತಮ್ಮ ಮನೆಯವರಂತೆ ನೋಡಿಕೊಂಡರು. ಮರುವರ್ಷವೇ ಪಶ್ಚಿಮ ಕಾರ್ಕ್‌ನ ಅಹಕಿಸ್ತಾ ಎಂಬ ಕಡಲದಂಡೆಯ ಹಳ್ಳಿಯಲ್ಲಿ ಸ್ಮಾರಕ ಎದ್ದಿತು. ಅಲ್ಲಿ ಒಂದು ಸೂರ್ಯಗಡಿಯಾರವಿದೆ, ಸತ್ತವರ ಹೆಸರುಗಳಿವೆ. ಪ್ರತಿ ಜೂನ್ 23ರ ಬೆಳಗ್ಗೆ ಅಲ್ಲಿ ಜನ ಸೇರುತ್ತಾರೆ.

ಒಂದು ಕ್ಷಣ ಯೋಚಿಸಿ. ಆ ದಿನ ಅಲ್ಲಿ ಗಸ್ತು ಹಡಗೇ ಇರದಿದ್ದರೆ? ಗಸ್ತು ಹಡಗು ಅಲ್ಲಿದ್ದದ್ದು ಮೀನಿಗಾಗಿ. ಮೀನಿಗಾಗಿ ಅದು ಅಷ್ಟು ದೂರ ಹೋಗಲು ಸಾಧ್ಯವಾದದ್ದು ಹಿಂದೆ ಒಂದು ನೆಲೆ ಇದ್ದದ್ದರಿಂದ: ಇಂಧನ ತುಂಬುವವರು, ಎಂಜಿನ್ ಬಿಚ್ಚಿ ಜೋಡಿಸುವವರು, ಮುಳುಗುಗಾರರಿಗೆ ತರಬೇತಿ ಕೊಡುವವರು, ಅಡುಗೆಗೆ ಸಾಮಾನು ಹೊರಿಸುವವರು. ತನ್ನ ಕಡಲಲ್ಲಿ ಏನು ನಡೆಯುತ್ತಿದೆ ಎಂದು ಬೇರೆಯವರನ್ನು ಕೇಳದೆ ತಾನೇ ನೋಡುವುದು, ಕರೆ ಬಂದಾಗ ತಾನೇ ಹೋಗುವುದು, ಇದಕ್ಕಾಗಿ ಚಿಕ್ಕ ದೇಶಕ್ಕೆ ನೌಕಾನೆಲೆ ಬೇಕು. ಯುದ್ಧ ಈ ಪಟ್ಟಿಯಲ್ಲಿ ಬಹಳ ಕೆಳಗೆ ಬರುತ್ತದೆ.

ಆಶ್ಲಿಂಗ್‌ನ ಕೊನೆ ಮಾತ್ರ ಬೇಸರದ್ದು. 2016ರಲ್ಲಿ ನಿವೃತ್ತಿಯಾಗಿ, ಮರುವರ್ಷ 1,10,000 ಯೂರೋಗೆ ಹರಾಜಾಗಿ, ಕೈಯಿಂದ ಕೈಗೆ ದಾಟಿ, ಲಿಬಿಯಾದ ಸೇನಾನಾಯಕ ಹಫ್ತಾರ್ ಅವರ ಪಡೆ ಸೇರಿ ಅಲ್ ಕರಾಮಾ ಎಂದಾಯಿತು. ಅದನ್ನು ಕಾರ್ಕ್‌ನಲ್ಲೇ ಉಳಿಸಿಕೊಳ್ಳಬೇಕಿತ್ತು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ದ್ವೀಪಕ್ಕೆ ಇನ್ನೊಂದು ಭಾರತೀಯ ನಂಟೂ ಇದೆ. ಡಾಕ್‌ಯಾರ್ಡಿನ ಒಂದು ಭಾಗದಲ್ಲಿ 1930ರ ದಶಕದ ಕೊನೆಯಲ್ಲಿ ಐರಿಷ್ ಸ್ಟೀಲ್ ಕಾರ್ಖಾನೆ ಶುರುವಾಯಿತು. 1947ರಿಂದ ಸರ್ಕಾರದ್ದಾಗಿದ್ದ ಅದನ್ನು 1996ರಲ್ಲಿ ಲಕ್ಷ್ಮಿ ಮಿತ್ತಲ್ ಅವರ ಇಸ್ಪಾತ್ ಸಮೂಹ ಒಂದು ಪೌಂಡ್ ಎಂಬ ನಾಮಮಾತ್ರ ಬೆಲೆಗೆ ಕೊಂಡಿತು. 2001ರಲ್ಲಿ ಕಾರ್ಖಾನೆ ಮುಚ್ಚಿತು. ದಶಕಗಳ ಕಾಲ ಕಡಲಂಚಿಗೆ ಸುರಿದ ಕಿಟ್ಟ ಪೂರ್ವದ ತುದಿಯಲ್ಲಿ ಒಂಬತ್ತು ಹೆಕ್ಟೇರಿನಷ್ಟು ಗುಡ್ಡೆಯಾಗಿ ಉಳಿಯಿತು. ಅದರಲ್ಲಿ ವಿಷಕಾರಿ ಲೋಹಗಳಿದ್ದವು. ನೌಕಾಪಡೆಯವರು ಅದರ ಪಕ್ಕದಲ್ಲೇ ಕೆಲಸ ಮಾಡಬೇಕಿತ್ತು, ಕೋವ್‌ನ ಜನ ಎದುರಿಗೇ ಬದುಕಬೇಕಿತ್ತು. ಶುಚಿ ಮಾಡಿಸಲು ಅವರು ವರ್ಷಗಟ್ಟಲೆ ಹೋರಾಡಿದರು. ಖರ್ಚು ಕೊನೆಗೆ ಸರ್ಕಾರದ ತಲೆಗೇ ಬಂತು. ಈಗ ಆ ಗುಡ್ಡೆಯನ್ನು ಮುಚ್ಚಿ ಹುಲ್ಲು ಬೆಳೆಸಿ ಸಾರ್ವಜನಿಕ ಉದ್ಯಾನ ಮಾಡಿದ್ದಾರೆ. ಅಲ್ಲಿಗೆ ಹೋಗುವ ದಾರಿಯಲ್ಲಿ, 1966ರ ಸೇತುವೆಯ ನಡುವೆ ಸಿಗುವ ಪುಟ್ಟ ರಾಕಿ ದ್ವೀಪವನ್ನು ಗಮನಿಸಿ. ಬ್ರಿಟಿಷರು ಬಂಡೆ ಕೊರೆದು ಮದ್ದಿನಮನೆ ಮಾಡಿದ್ದ ಜಾಗ ಅದು. ಈಗ ಅಲ್ಲಿ ಶವಸಂಸ್ಕಾರದ ಚಿತಾಗಾರವಿದೆ.

ಇನ್ನು ನೀವು ಗಮನಿಸಿದ, ಕದಲದ ಹಡಗುಗಳು. ನಿಮ್ಮ ಕಣ್ಣು ಮೋಸ ಮಾಡಿಲ್ಲ. ಈಗ ಪಡೆಯಲ್ಲಿ ಎಂಟು ಹಡಗುಗಳಿವೆ. 2014ರಿಂದ ಬಂದ ನಾಲ್ಕಕ್ಕೆ ಬರಹಗಾರರ ಹೆಸರು: ಸ್ಯಾಮುಯೆಲ್ ಬೆಕೆಟ್, ಜೇಮ್ಸ್ ಜಾಯ್ಸ್, ವಿಲಿಯಂ ಬಟ್ಲರ್ ಯೇಟ್ಸ್, ಜಾರ್ಜ್ ಬರ್ನಾರ್ಡ್ ಶಾ. ತಲಾ 90 ಮೀಟರ್ ಉದ್ದ. ಅದಕ್ಕೂ ಹಿಂದಿನವು ರೋಶೀನ್, ನೀವ್. 2023ರಲ್ಲಿ ನ್ಯೂಜಿಲೆಂಡಿನಿಂದ ಬಂದ ಚಿಕ್ಕವು ಎರಡು. ಎಥ್ನಾ ಸೇರಿ ಮೂರು ಹಳೆಯ ಹಡಗುಗಳನ್ನು 2022ರಲ್ಲಿ ನಿವೃತ್ತಿಗೊಳಿಸಿದರು. ಹಡಗಿಗೆ ಬರವಿಲ್ಲ, ಬರ ಇರುವುದು ಜನಕ್ಕೆ. ಮಂಜೂರಾದ ಹುದ್ದೆಗಳು 1,094. ಇತ್ತೀಚಿನ ವರ್ಷಗಳಲ್ಲಿ ಇರುವವರು 800ಕ್ಕೂ ಕಡಿಮೆ. ಎಂಜಿನ್ ಬಲ್ಲವರು, ಎಲೆಕ್ಟ್ರಾನಿಕ್ಸ್ ಬಲ್ಲವರು ಹೆಚ್ಚು ಸಂಬಳಕ್ಕೆ ಹೊರಗೆ ಹೋಗುತ್ತಾರೆ. ಅವರನ್ನು ಕೈಬೀಸಿ ಕರೆಯುವುದು ಸೇತುವೆಯಾಚೆಯ ಔಷಧ ಮತ್ತು ತಂತ್ರಜ್ಞಾನ ಕಾರ್ಖಾನೆಗಳು. ನಿಮ್ಮ ಕಾರ್ಖಾನೆಯಲ್ಲೂ ಅಂಥವರೊಬ್ಬರು ಸಿಕ್ಕರೆ ಆಶ್ಚರ್ಯವಿಲ್ಲ, ಮಾತಾಡಿಸಿ ನೋಡಿ. ವಾರಗಟ್ಟಲೆ ಮನೆ ಬಿಟ್ಟು ಅಲೆಯಲ್ಲಿರುವ ಕೆಲಸಕ್ಕೆ, ಸಂಜೆ ಮನೆಗೆ ಹೋಗುವ ಕೆಲಸಕ್ಕಿಂತ ಕಡಿಮೆ ಸಂಬಳ ಕೊಟ್ಟರೆ ಯಾರು ಉಳಿಯುತ್ತಾರೆ?

ಹಡಗು ಸುಮ್ಮನೆ ಕಟ್ಟಿ ನಿಂತರೂ ಹಾಳಾಗುತ್ತದೆ ಎಂಬುದನ್ನು ನಿಮಗೆ ಹೇಳಬೇಕಿಲ್ಲ. ಧಕ್ಕೆಯಲ್ಲಿ ಒಂದು ಮಳೆಗಾಲ ಮುಟ್ಟದೆ ಬಿಟ್ಟ ದೋಣಿಯನ್ನು ಮತ್ತೆ ನೀರಿಗಿಳಿಸುವ ಪಾಡು ನಿಮ್ಮ ಕಡೆಯವರಿಗೆ ಗೊತ್ತೇ ಇದೆ. ಅದಕ್ಕಿಂತ ಕಷ್ಟದ್ದು ಕಲಿಸುವವರ ಕೊರತೆ. ಹತ್ತು ವರ್ಷ ಕಡಲಲ್ಲಿ ಪಳಗಿದವರು ಹೊರಟುಹೋದರೆ, ಹೊಸಬರನ್ನು ಸೇರಿಸಿಕೊಂಡರೂ ತಿದ್ದಿ ತೀಡಲು ಯಾರೂ ಇರುವುದಿಲ್ಲ. 2004ರಲ್ಲಿ ರಿಂಗಸ್ಕಿಡ್ಡಿಯಲ್ಲೇ ಶುರುವಾದ ರಾಷ್ಟ್ರೀಯ ನೌಕಾ ಕಾಲೇಜು ಚೆನ್ನಾಗಿದೆ, ಆದರೆ ಕಾಲೇಜಿನಲ್ಲಿ ಕಲಿತದ್ದು ಕೈಗೆ ಹತ್ತುವುದು ಹಡಗಿನ ಮೇಲೆಯೇ.

ಇದು ಚಿಂತೆಯ ವಿಷಯ, ಏಕೆಂದರೆ ಕೆಲಸ ಕಡಿಮೆಯಾಗಿಲ್ಲ. 2015ರಿಂದ ಮೆಡಿಟರೇನಿಯನ್ ಕಡಲಿಗೆ ಹೋದ ಐರಿಷ್ ಹಡಗುಗಳು 17,000ಕ್ಕೂ ಹೆಚ್ಚು ವಲಸಿಗರನ್ನು ನೀರಿನಿಂದ ಎತ್ತಿ ಬದುಕಿಸಿದವು. 2020ರ ಕೋವಿಡ್ ಕಾಲದಲ್ಲಿ ಹಡಗುಗಳು ಕಾರ್ಕ್, ಡಬ್ಲಿನ್, ಗಾಲ್ವೇ ಧಕ್ಕೆಗಳಲ್ಲಿ ನಿಂತು ಪರೀಕ್ಷಾ ಕೇಂದ್ರಗಳಾದವು. 2023ರ ಸೆಪ್ಟೆಂಬರಿನಲ್ಲಿ ಮ್ಯಾಥ್ಯೂ ಎಂಬ ಸರಕು ಹಡಗು ಎರಡು ಟನ್ನಿಗೂ ಹೆಚ್ಚು ಕೊಕೇನ್ ಹೊತ್ತು ಓಡುತ್ತಿದ್ದಾಗ, ಯೇಟ್ಸ್ ಹಡಗು ಅದನ್ನು ಬೆನ್ನಟ್ಟಿ ಎಚ್ಚರಿಕೆಯ ಗುಂಡು ಹಾರಿಸಿತು. ಸೈನ್ಯದ ವಿಶೇಷ ಪಡೆಯವರು ಹೆಲಿಕಾಪ್ಟರಿನಿಂದ ಹಗ್ಗ ಹಿಡಿದು ಅದರ ಮೇಲೆ ಇಳಿದರು. ಆ ದೇಶದ ಇತಿಹಾಸದಲ್ಲೇ ಅಷ್ಟು ದೊಡ್ಡ ಮಾಲು ಸಿಕ್ಕಿರಲಿಲ್ಲ.

ಅದಕ್ಕಿಂತ ದೊಡ್ಡ ಸವಾಲು ಕಡಲ ತಳದ್ದು. ಯುರೋಪ್ ಮತ್ತು ಅಮೆರಿಕ ನಡುವಿನ ಇಂಟರ್ನೆಟ್ ಕೇಬಲ್‌ಗಳಲ್ಲಿ ಬಹಳಷ್ಟು ಐರ್ಲೆಂಡಿನ ಕಡಲ ಮೂಲಕ, ಅಥವಾ ಅದರ ಪಕ್ಕದಲ್ಲೇ ಹಾದುಹೋಗುತ್ತವೆ. 2022ರ ಆರಂಭದಲ್ಲಿ ರಷ್ಯಾ ಕಾರ್ಕ್‌ನಿಂದ ಸುಮಾರು 240 ಕಿಲೋಮೀಟರ್ ದೂರದಲ್ಲಿ ನೌಕಾ ಕವಾಯತು ನಡೆಸುವುದಾಗಿ ಹೇಳಿದಾಗ, ಮೊದಲು ಎದ್ದು ನಿಂತವರು ಕ್ಯಾಸಲ್‌ಟೌನ್‌ಬೇರ್ ಬಂದರಿನ ಮೀನುಗಾರರು. ‘ಅದು ನಮ್ಮ ಮೀನಿನ ಜಾಗ, ನಾವು ಅಲ್ಲಿಗೆ ಹೋಗಿಯೇ ತೀರುತ್ತೇವೆ’ ಎಂದರು. ರಷ್ಯಾ ಕವಾಯತನ್ನು ಆಚೆಗೆ ಸರಿಸಿತು. ಆ ಮೀನುಗಾರರ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ದೇಶದ ಕಡಲ ಕಾವಲನ್ನು ಟ್ರಾಲರಿನವರ ಧೈರ್ಯಕ್ಕೆ ಬಿಟ್ಟು ಕೂರಬಾರದು. ಅದೇ ವರ್ಷ ಫೆಬ್ರುವರಿಯಲ್ಲಿ ರಕ್ಷಣಾ ಪಡೆಗಳ ಕುರಿತ ಆಯೋಗವೊಂದು ನೌಕಾಪಡೆಗೆ ಹೆಚ್ಚು ಹಣ, ಹೆಚ್ಚು ಜನ ಬೇಕೆಂದು ನೇರವಾಗಿ ವರದಿ ಕೊಟ್ಟಿತು. 2024ರಲ್ಲಿ ರಷ್ಯಾದ ಯಾಂತರ್ ಹಡಗು ಐರಿಷ್ ಸಮುದ್ರದಲ್ಲಿ ಕೇಬಲ್‌ಗಳ ಸಮೀಪ ಸುಳಿದಾಡಿದಾಗ ಗಸ್ತು ಹಡಗೊಂದು ಅದನ್ನು ಹೊರಗೆ ಕಳಿಸಿ ಬಂತು. ನೀರಿನೊಳಗೆ ಕೇಳಿಸಿಕೊಳ್ಳುವ ಸೋನಾರ್ ಯಂತ್ರಕ್ಕಾಗಿ 2025ರಲ್ಲಿ ಫ್ರಾನ್ಸಿನ ಥೇಲ್ಸ್ ಕಂಪನಿಯ ಜತೆ ಒಪ್ಪಂದವಾಯಿತು. 1924, 1939, 1970ರ ಮರೆವುಗಳನ್ನು ಓದಿದವನಾಗಿ ನಾನು ಇದನ್ನು ಆಸೆಯಿಂದಲೇ ನೋಡುತ್ತಿದ್ದೇನೆ.

ನೆಲೆಯನ್ನು ಚೆನ್ನಾಗಿ ನೋಡಬೇಕೆಂದರೆ ಒಂದು ರಜೆಯ ದಿನ ಕೋವ್‌ಗೆ ಹೋಗಿ ಸ್ಪೈಕ್ ದ್ವೀಪದ ಫೆರಿ ಹತ್ತಿ. ಕೋಟೆಯ ಏರಿಯ ಮೇಲೆ ಪಶ್ಚಿಮಕ್ಕೆ ಮುಖ ಮಾಡಿ ನಿಂತರೆ ಹೌಲ್‌ಬೋಲೈನ್ ಪೂರ್ತಿ ಕಾಣುತ್ತದೆ: ಉಗ್ರಾಣಗಳ ಸಾಲು, ಬುರುಜು, ಕೈದಿಗಳು ಕಟ್ಟಿದ ಬೇಸಿನ್, ಕಿಟ್ಟದ ಗುಡ್ಡೆಯ ಮೇಲಿನ ಹಸಿರು. ಜೂನ್ 23 ನಿಮಗೆ ರಜೆ ಸಿಕ್ಕುವ ದಿನವಾದರೆ ಅಹಕಿಸ್ತಾಗೆ ಹೋಗಿ. ಬೆಳಗ್ಗೆ ಎಂಟಕ್ಕೆ ಮೊದಲೇ ಅಲ್ಲಿರುವಂತೆ ಹೊರಡಿ.